ಆಧುನಿಕತಾವಾದ, ಕಥೋಲಿಕ ಧರ್ಮಸಭೆಯಲ್ಲಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಿಂದ ಮೊದಲನೆಯ ಮಹಾಯುದ್ಧದವರೆಗೆ ಫ್ರಾನ್ಸ್, ಇಂಗ್ಲೆಂಡ್ ಮತ್ತು ಇಟಲಿಗಳ ಕಥೋಲಿಕ ವಿದ್ವಾಂಸರಲ್ಲಿ ಕೆಲವರು, ಕ್ರೈಸ್ತಸಿದ್ಧಾಂತವನ್ನು ಇತಿಹಾಸವಿಮರ್ಶೆಯ ಮತ್ತು ನೂತನ ತತ್ತ್ವಶಾಸ್ತ್ರದ ಬೆಳಕಿನಲ್ಲಿ ಪುನರ್ನಿರೂಪಿಸಬೇಕೆಂದು ನಡೆಸಿದ ಪ್ರಯತ್ನವೂ, ಆ ಪ್ರಯತ್ನವನ್ನು 1907ರಲ್ಲಿ ಪೋಪ್ ಹತ್ತನೆಯ ಪಯಸ್ ಖಂಡಿಸಿದ್ದರಿಂದ ಹುಟ್ಟಿದ ಕಲಹವೂ ಸೇರಿ ಆಧುನಿಕತಾವಾದವೆಂದು ಪ್ರಸಿದ್ಧವಾಗಿವೆ. ಇದನ್ನು ಪಂಥವೆಂದು ಕರೆಯಲಾಗದು. ಇದಕ್ಕೆ ಸ್ಥಾಪಕನಾಗಲಿ, ಸಂಘವಾಗಲಿ, ಎಲ್ಲರೂ ಒಪ್ಪಿ ಸಹಿಹಾಕಿದ ಪ್ರಣಾಳಿಕೆಯಾಗಲಿ ಇರಲಿಲ್ಲ. ಪರಸ್ಪರ ಪತ್ರವ್ಯವಹಾರವಿಟ್ಟುಕೊಂಡಿದ್ದ, ಹಲವು ವಿಷಯಗಳಲ್ಲಿ ತಮ್ಮತಮ್ಮಲ್ಲೇ ಭಿನ್ನಾಭಿಪ್ರಾಯವುಳ್ಳ ಕೆಲವು ಮಂದಿ ಪಾದ್ರಿಗಳೂ ಗೃಹಸ್ಥರೂ ಮಾತ್ರ ಇದ್ದರು. ಅವರ ಚದುರಿದ ವಿಚಾರಗಳಿಗೆ ಒಂದು ಶಾಸ್ತ್ರದ ರೂಪವನ್ನು ಮೊದಲು ಕಟ್ಟಿಕೊಟ್ಟವರು ಅವರನ್ನು ಖಂಡಿಸಿದವರೇ ಎಂಬುದು ಈ ಚರಿತ್ರೆಯ ವಿಚಿತ್ರಗಳಲ್ಲೊಂದು.

ಈ ಕಲಹದ ಬೇರುಗಳು ಹಿಂದಿನ ತಲೆಮಾರಿನಲ್ಲಿವೆ. 1864ರಲ್ಲಿ ಪೋಪ್ ಒಂಬತ್ತನೆಯ ಪಯಸ್ ತನ್ನ ಕಾಲದ ಎಂಬತ್ತು ತಪ್ಪುಗಳ ಪಟ್ಟಿಯನ್ನು ಪ್ರಕಟಿಸಿದನು. 1870ರ ಜುಲೈ 18ರಂದು ವ್ಯಾಟಿಕನ್ ಮಹಾಸಭೆಯು ಪೋಪನ ಅಸ್ಖಲಿತತ್ವವನ್ನು ಸಿದ್ಧಾಂತವೆಂದು ಘೋಷಿಸಿತು. ಅದಾದ ಎರಡು ತಿಂಗಳಲ್ಲಿ ಇಟಲಿಯ ಸೈನ್ಯವು ರೋಮನ್ನು ಪ್ರವೇಶಿಸಿತು. ಲೌಕಿಕ ರಾಜ್ಯವನ್ನು ಕಳೆದುಕೊಂಡ ವರ್ಷದಲ್ಲಿಯೇ ಆಧ್ಯಾತ್ಮಿಕ ಅಧಿಕಾರವು ಹಿಂದೆಂದೂ ಇಲ್ಲದಷ್ಟು ಬಿಗಿಯಾಯಿತು. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ ವಿಶ್ವಪತ್ರವು (ಇಡೀ ಧರ್ಮಸಭೆಗೆ ಪೋಪನು ಬರೆಯುವ ಬೋಧಪತ್ರ), ಹದಿಮೂರನೆಯ ಶತಮಾನದ ಆಚಾರ್ಯ ಥಾಮಸ್ ಅಕ್ವಿನಾಸನ ತತ್ತ್ವಶಾಸ್ತ್ರವೇ ಪಾದ್ರಿಗಳನ್ನು ತರಬೇತುಗೊಳಿಸುವ ಸೆಮಿನರಿಗಳ ಬೋಧನೆಗೆ ಆಧಾರವಾಗಬೇಕೆಂದು ವಿಧಿಸಿತು. ಆ ಶಾಸ್ತ್ರದಲ್ಲಿ ಸತ್ಯವೆಂಬುದು ಕಾಲಾತೀತವಾದದ್ದು. ಸಿದ್ಧಾಂತದ ವಾಕ್ಯವು ಅದನ್ನು ಯಥಾರ್ಥವಾಗಿ ಹಿಡಿದಿಡಬಲ್ಲದು.

ಅತ್ತ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಪ್ರಾಟೆಸ್ಟಂಟ್ ಪಂಡಿತರು ಪವಿತ್ರಗ್ರಂಥವನ್ನು ಇತರ ಪ್ರಾಚೀನ ಗ್ರಂಥಗಳಂತೆಯೇ ಪದರಪದರವಾಗಿ ಬಿಡಿಸಿ ನೋಡತೊಡಗಿದ್ದರು. ಟ್ಯೂಬಿಂಗೆನ್ನಿನಲ್ಲಿ ಉಪಾಧ್ಯಾಯನಾಗಿದ್ದ ಡಾವಿಡ್ ಸ್ಟ್ರಾಸ್ 1835ರಲ್ಲಿ ಯೇಸುವಿನ ಚರಿತ್ರೆಯನ್ನು ಬರೆದು, ಸುವಾರ್ತೆಗಳಲ್ಲಿನ ಅದ್ಭುತಗಳು ಆದಿಮ ಭಕ್ತಸಮುದಾಯದ ಪುರಾಣಕಲ್ಪನೆಗಳೆಂದು ಸಾರಿದ್ದನು. (ಮಂಗಳೂರ ಸಮಾಚಾರದ ಸಂಪಾದಕನಾಗಿ ನಮಗೆ ಚಿರಪರಿಚಿತನಾದ ಹರ್ಮನ್ ಮೊಗ್ಲಿಂಗನು ದೇವವಿದ್ಯೆಯನ್ನು ಕಲಿತದ್ದೂ ಅದೇ ಟ್ಯೂಬಿಂಗೆನ್ನಿನಲ್ಲಿ, ಆದರೆ ಅವನನ್ನು ಕನ್ನಡನಾಡಿಗೆ ಕಳುಹಿಸಿದ ಬಾಸೆಲ್ ಮಿಶನ್ನಿನ ಭಕ್ತಿಪಂಥವು ಈ ವಿಮರ್ಶೆಗೆ ಬೆನ್ನು ತಿರುಗಿಸಿ ನಿಂತದ್ದಾಗಿತ್ತು.) 1878ರಲ್ಲಿ ಯೂಲಿಯಸ್ ವೆಲ್‌ಹಾಸೆನ್ ಇಸ್ರಾಯೇಲಿನ ಇತಿಹಾಸವನ್ನು ಬರೆದು, ಮೋಶೆಯ ಹೆಸರಿನಲ್ಲಿರುವ ಐದು ಗ್ರಂಥಗಳು ಬೇರೆಬೇರೆ ಶತಮಾನಗಳ ಮೂಲಗಳಿಂದ ಹೆಣೆಯಲ್ಪಟ್ಟವೆಂಬ ವಾದವನ್ನು ಬಲವಾಗಿ ಪ್ರತಿಪಾದಿಸಿದನು. ಇದನ್ನು ಕಥೋಲಿಕ ಸೆಮಿನರಿಗಳು ಬಹುಕಾಲ ಓದದೆಯೇ ನಿರಾಕರಿಸಿದುವು.

ಓದಿದವನೊಬ್ಬನು ಆಲ್ಫ್ರೆಡ್ ಲ್ವಾಸಿ. 1857ರಲ್ಲಿ ಮಾರ್ನ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿ, 1879ರಲ್ಲಿ ಗುರುದೀಕ್ಷೆಯನ್ನು ಪಡೆದು, ಪ್ಯಾರಿಸಿನ ಕಥೋಲಿಕ ವಿದ್ಯಾಸಂಸ್ಥೆಯಲ್ಲಿ ಹೀಬ್ರೂ ಭಾಷೆಯನ್ನೂ ಪವಿತ್ರಗ್ರಂಥವನ್ನೂ ಬೋಧಿಸುತ್ತಿದ್ದ ಈತನು, ಧರ್ಮಸಭೆಯನ್ನು ತೊರೆದು ಹೋಗಿದ್ದ ಅರ್ನೆಸ್ಟ್ ರೆನಾನನ ಉಪನ್ಯಾಸಗಳನ್ನು ಅವನ ವಿಧಾನವನ್ನು ಕಲಿತು ಅವನನ್ನೇ ಖಂಡಿಸಬೇಕೆಂಬ ಉದ್ದೇಶದಿಂದ ಕೇಳಿದ್ದನು. ಆದಿಕಾಂಡದ ಮೊದಲ ಅಧ್ಯಾಯಗಳು ಚರಿತ್ರೆಯಲ್ಲ, ಪಂಚಗ್ರಂಥವು ಇಂದಿರುವ ರೂಪದಲ್ಲಿ ಮೋಶೆಯದಲ್ಲ ಎಂಬ ಅಭಿಪ್ರಾಯಗಳನ್ನು ಬಹಿರಂಗಪಡಿಸಿದ್ದರಿಂದ 1893ರಲ್ಲಿ ಅವನ ಅಧ್ಯಾಪಕಪದವಿ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಪವಿತ್ರಗ್ರಂಥದಲ್ಲಿ ಯಾವ ತಪ್ಪಿಗೂ ಎಡೆಯಿಲ್ಲವೆಂದು ಲಿಯೋನ ಇನ್ನೊಂದು ವಿಶ್ವಪತ್ರವು ಸಾರಿತು. ಲ್ವಾಸಿಯನ್ನು ನೊಯಿ ಎಂಬಲ್ಲಿ ಡೊಮಿನಿಕನ್ ಸಂನ್ಯಾಸಿನಿಯರ ಹೆಣ್ಣುಮಕ್ಕಳ ಶಾಲೆಗೆ ಧರ್ಮೋಪದೇಶಕನಾಗಿ ನೇಮಿಸಲಾಯಿತು. ದೊಡ್ಡ ವಿದ್ವಾಂಸನನ್ನು ಮೂಲೆಗೆ ಕೂರಿಸಿದೆವೆಂದು ಮೇಲಿನವರು ಭಾವಿಸಿದ್ದರೇನೋ. ಆದರೆ ಶಾಲೆಯ ಹುಡುಗಿಯರಿಗೆ ಪ್ರಶ್ನೋತ್ತರಮಾಲೆಯನ್ನು ಕಲಿಸಬೇಕಾಗಿ ಬಂದಾಗಲೇ, ಬರಿಯ ಗ್ರಂಥವಿಮರ್ಶೆಯಿಂದ ಆಚೆಗೆ, ಸಿದ್ಧಾಂತವೆಂದರೆ ಏನು, ಅದು ಹೇಗೆ ಬೆಳೆಯಿತು ಎಂಬ ಪ್ರಶ್ನೆಯತ್ತ ಅವನ ಮನಸ್ಸು ಹೊರಳಿತು.

ಆ ಚಿಂತನೆಯ ಫಲವು 1902ರಲ್ಲಿ ಸುವಾರ್ತೆಯನ್ನೂ ಧರ್ಮಸಭೆಯನ್ನೂ ಕುರಿತ ಒಂದು ಸಣ್ಣ ಪುಸ್ತಕವಾಗಿ ಹೊರಬಂದಿತು. ಅದರ ಬಹಿರಂಗ ಎದುರಾಳಿ ಬರ್ಲಿನ್ನಿನ ಪ್ರಾಟೆಸ್ಟಂಟ್ ಪಂಡಿತ ಅಡೋಲ್ಫ್ ಹಾರ್ನಾಕ್. ದೇವರ ಪಿತೃತ್ವವೂ ಮನುಷ್ಯಾತ್ಮದ ಅಪಾರ ಮೌಲ್ಯವೂ ಯೇಸುವಿನ ಉಪದೇಶದ ತಿರುಳೆಂದೂ, ಸಿದ್ಧಾಂತ, ಸಂಸ್ಕಾರ, ಪುರೋಹಿತಾಧಿಕಾರಗಳೆಲ್ಲ ಕಾಲಾಂತರದಲ್ಲಿ ಸುತ್ತಿಕೊಂಡ ಸಿಪ್ಪೆಯೆಂದೂ ಹಾರ್ನಾಕ್ ತನ್ನ 1899–1900ರ ಉಪನ್ಯಾಸಗಳಲ್ಲಿ ಹೇಳಿದ್ದನು. ಲ್ವಾಸಿ ಕೊಟ್ಟ ಉತ್ತರವು ಮೇಲ್ನೋಟಕ್ಕೆ ಕಥೋಲಿಕ ಪಕ್ಷದ ಅತ್ಯುತ್ತಮ ಸಮರ್ಥನೆಯೇ ಆಗಿತ್ತು: ಬೀಜವು ಬೀಜವಾಗಿಯೇ ಉಳಿದರೆ ಜೀವವುಳ್ಳದ್ದಾಗುವುದಿಲ್ಲ, ವೃಕ್ಷವಾಗಿ ಬೆಳೆದುದರಿಂದಲೇ ಸುವಾರ್ತೆಯು ಬದುಕಿತು, ಧರ್ಮಸಭೆಯಿಲ್ಲದೆ ಅದು ಗಲಿಲೇಯದ ಒಂದು ನೆನಪಾಗಿ ನಶಿಸಿಹೋಗುತ್ತಿತ್ತು. ಇದನ್ನು ಓದಿ ಸಂತೋಷಪಟ್ಟ ಕಥೋಲಿಕ ವಿದ್ವಾಂಸರು ಇಲ್ಲದಿರಲಿಲ್ಲ. ಆದರೆ ವಾದದ ಒಳಗಿದ್ದ ಇನ್ನೊಂದು ವಾದವು ಬೇಗನೆ ಎಲ್ಲರ ಕಣ್ಣಿಗೆ ಬಿದ್ದಿತು. ಯೇಸು ನಿರೀಕ್ಷಿಸಿದ್ದು ಶೀಘ್ರದಲ್ಲೇ ಇಳಿದುಬರಲಿದ್ದ ದೇವರ ರಾಜ್ಯವನ್ನು, ಬಂದದ್ದು ಧರ್ಮಸಭೆ. ಹಾಗಾದರೆ ಧರ್ಮಸಭೆಯನ್ನು, ಅದರ ಏಳು ಸಂಸ್ಕಾರಗಳನ್ನು, ಪೇತ್ರನ ಪೀಠವನ್ನು ಕ್ರಿಸ್ತನು ತಾನೇ ಸ್ಥಾಪಿಸಿದನೆಂಬ ಬೋಧನೆಯ ಗತಿಯೇನು? ಮುಂಬರುವ ಘಟನೆಗಳನ್ನು ಕುರಿತು ಕ್ರಿಸ್ತನೇ ತಪ್ಪು ತಿಳಿದಿದ್ದನೆಂದರೆ ಅವನ ದೈವತ್ವದ ಗತಿಯೇನು? 1903ರ ಡಿಸೆಂಬರಿನಲ್ಲಿ ಲ್ವಾಸಿಯ ಐದು ಗ್ರಂಥಗಳು ನಿಷಿದ್ಧ ಗ್ರಂಥಸೂಚಿಗೆ ಸೇರಿದುವು.

ಸಿದ್ಧಾಂತದ ಬೆಳವಣಿಗೆಯೆಂಬ ಮಾತು ಅಷ್ಟರಲ್ಲಿ ಹೊಸದಾಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಜಾನ್ ಹೆನ್ರಿ ನ್ಯೂಮನ್ 1845ರಲ್ಲಿಯೇ ಅದನ್ನು ಕುರಿತು ಪ್ರಬಂಧವನ್ನು ಬರೆದಿದ್ದನು, ಮತ್ತು 1879ರಲ್ಲಿ ಕಾರ್ಡಿನಲ್ ಪದವಿಗೇರಿದ್ದನು. ಆದರೆ ನ್ಯೂಮನ್ನನ ಬೆಳವಣಿಗೆಯಲ್ಲಿ ಆದಿಯಿಂದಲೂ ಒಪ್ಪಿಸಲ್ಪಟ್ಟ ಸತ್ಯನಿಧಿಯೊಂದಿದೆ. ಮುಂದಿನ ಶತಮಾನಗಳು ಅದರ ಗರ್ಭಿತಾರ್ಥವನ್ನು ಬಿಡಿಸುತ್ತವೆಯೇ ಹೊರತು ಹೊಸದನ್ನು ಕೂಡಿಸುವುದಿಲ್ಲ, ಹಳೆಯದನ್ನು ಸುಳ್ಳುಮಾಡುವುದೂ ಇಲ್ಲ. ಲ್ವಾಸಿಯಲ್ಲಿ ಆದಿಯ ನಿಧಿಯೇ ಇತಿಹಾಸದ ಹೊಳೆಯಲ್ಲಿ ಕರಗಿಹೋಗುವಂತೆ ಕಾಣುತ್ತಿತ್ತು. ರೋಮಿನ ಶಾಸ್ತ್ರಜ್ಞರ ಭೀತಿಯ ಮೂಲವಿದು, ಮತ್ತು ಈ ಭೀತಿ ಅಜ್ಞಾನದಿಂದ ಹುಟ್ಟಿತೆಂದು ತಳ್ಳಿಹಾಕುವುದು ನ್ಯಾಯವಾಗಲಾರದು.

ಪ್ರಶ್ನೆಯ ಇನ್ನೊಂದು ಮುಖವನ್ನು ಎದುರಿಸಿದವನು ಜಾರ್ಜ್ ಟಿರಲ್. 1861ರಲ್ಲಿ ಡಬ್ಲಿನ್ನಿನ ಆಂಗ್ಲಿಕನ್ ಮನೆತನವೊಂದರಲ್ಲಿ ಹುಟ್ಟಿ, ಹದಿನೆಂಟನೆಯ ವಯಸ್ಸಿನಲ್ಲಿ ಕಥೋಲಿಕನಾಗಿ, ಮರುವರ್ಷವೇ ಯೇಸುಸಭೆಯನ್ನು ಸೇರಿದ ಈತನು ಲ್ವಾಸಿಯಂತೆ ಇತಿಹಾಸಪಂಡಿತನಲ್ಲ. ಹರಿತವಾದ ಲೇಖನಿಯುಳ್ಳ, ಅಶಾಂತವಾದ ಹೃದಯವುಳ್ಳ ಆಧ್ಯಾತ್ಮಿಕ ಬರಹಗಾರ. ನರಕಯಾತನೆಯನ್ನು ಉತ್ಸಾಹದಿಂದ ವರ್ಣಿಸುವ ಉಪದೇಶಕರನ್ನು ಟೀಕಿಸಿ 1899ರಲ್ಲಿ ಅವನು ಬರೆದ ಲೇಖನದಿಂದ ತೊಡಕು ಮೊದಲಾಯಿತು. ದಿವ್ಯದರ್ಶನವೆಂಬುದು ದೇವರು ಮನುಷ್ಯನಿಗೆ ಬಾಯಿಪಾಠ ಹೇಳಿಕೊಟ್ಟ ವಾಕ್ಯಗಳ ಗಂಟಲ್ಲ, ಆತ್ಮವು ದೇವರ ಸ್ಪರ್ಶವನ್ನು ಪಡೆದ ಅನುಭವ; ಸಿದ್ಧಾಂತವು ಆ ಅನುಭವವನ್ನು ರಕ್ಷಿಸಲು ಬುದ್ಧಿಯು ಕಟ್ಟಿಕೊಂಡ ಮಾತಿನ ಬೇಲಿ; ಅನುಭವ ಪ್ರಮಾಣ, ಬೇಲಿ ಪರಿವರ್ತನೀಯ—ಹೀಗೆ ಅವನ ನಿಲುವನ್ನು ಸಂಗ್ರಹಿಸಬಹುದು. ಇದರಲ್ಲಿ ಅನುಭಾವಿಗಳ ಹಳೆಯ ಪರಂಪರೆಯೊಂದರ ಪ್ರತಿಧ್ವನಿಯಿದೆ. ಅದರೊಡನೆ ಒಂದು ಗಂಡಾಂತರವೂ ಇದೆ. ಅನುಭವವೇ ಪ್ರಮಾಣವಾದರೆ ಯಾರ ಅನುಭವ? ಕ್ರೈಸ್ತನದಾದರೆ ಅನ್ಯಮತೀಯನದೇಕಲ್ಲ? ಪ್ರೇಷಿತರಿಂದ ಬಂದ ಸಾಕ್ಷ್ಯಕ್ಕೂ ಇಂದಿನ ಭಕ್ತನ ಮನೋವೃತ್ತಿಗೂ ಇರುವ ಅಂತರವನ್ನು ಅಳೆಯುವವರಾರು? ಟಿರಲ್ ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿದ್ದಾಗಲೇ 1906ರಲ್ಲಿ ಯೇಸುಸಭೆಯಿಂದ ಹೊರಹಾಕಲ್ಪಟ್ಟನು.

ಫ್ರಾನ್ಸಿನ ಗಣಿತಜ್ಞ ಎಡ್ವಾರ್ ಲ ರ್ವಾ 1905ರಲ್ಲಿ ಸಿದ್ಧಾಂತವೆಂದರೇನೆಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಬರೆದ ಲೇಖನವು ಲ್ವಾಸಿ, ಟಿರಲ್ ಇಬ್ಬರ ಬರಹಗಳಿಗಿಂತಲೂ ನೇರವಾಗಿತ್ತು. ಅವನ ಮತದಲ್ಲಿ ಸಿದ್ಧಾಂತವು ಮೊದಲನೆಯದಾಗಿ ತಪ್ಪು ಕಲ್ಪನೆಗಳನ್ನು ನಿಷೇಧಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ನಡತೆಯನ್ನು ವಿಧಿಸುತ್ತದೆ: ದೇವರು ವ್ಯಕ್ತಿಸ್ವರೂಪನೆಂದರೆ ಅವನೊಡನೆ ಒಬ್ಬ ವ್ಯಕ್ತಿಯೊಡನೆ ನಡೆದುಕೊಳ್ಳುವಂತೆ ನಡೆದುಕೊಳ್ಳಿರಿ ಎಂದರ್ಥ, ಯೇಸು ಪುನರುತ್ಥಾನ ಹೊಂದಿದನೆಂದರೆ ಅವನನ್ನು ನಿಮ್ಮ ಸಮಕಾಲೀನನೆಂಬಂತೆ ಕಾಣಿರಿ ಎಂದರ್ಥ. ಸಾಮಾನ್ಯಭಕ್ತನಿಗೆ ಇದು ಒಪ್ಪುವ ಮಾತೇ. ಆದರೆ ಆ ಭಕ್ತನು, ಸಮಾಧಿಯು ನಿಜವಾಗಿಯೂ ಬರಿದಾಗಿತ್ತೇ ಎಂದು ಕೇಳಿದರೆ ಲ ರ್ವಾನ ಉತ್ತರವು ಅವನನ್ನು ತೃಪ್ತಿಪಡಿಸಲಾರದು. ಅವನು ಪುನರುತ್ಥಾನವನ್ನು ನಂಬಿ ಬದುಕಲೆಳಸುವುದು ಅದು ಸಂಭವಿಸಿತೆಂಬ ಕಾರಣದಿಂದ.

1907ರಲ್ಲಿ ಎರಡು ಪೆಟ್ಟುಗಳು ಒಂದರ ಹಿಂದೊಂದು ಬಿದ್ದುವು. ಜುಲೈ 3ರ ಆಜ್ಞಾಪತ್ರವು 65 ವಾಕ್ಯಗಳನ್ನು ಪಟ್ಟಿಮಾಡಿ ಖಂಡಿಸಿತು. ಅವುಗಳಲ್ಲಿ ಬಹುಪಾಲು ಲ್ವಾಸಿಯ ಗ್ರಂಥಗಳಿಂದ ಸಂಗ್ರಹಿಸಿದವು, ಆದರೆ ಕರ್ತೃವಿನ ಹೆಸರನ್ನು ಹೇಳದೆ. ಸೆಪ್ಟೆಂಬರ್ 8ರ ದೀರ್ಘವಾದ ವಿಶ್ವಪತ್ರ ‘ಪಾಶೆಂದಿ’ಯು ಆಧುನಿಕತಾವಾದಿಯನ್ನು ತತ್ತ್ವಜ್ಞ, ಶ್ರದ್ಧಾಳು, ದೇವವಿದ್ಯಾಪಂಡಿತ, ಇತಿಹಾಸಕಾರ, ವಿಮರ್ಶಕ, ಮತಸಮರ್ಥಕ, ಸುಧಾರಕ ಎಂಬ ಏಳು ವೇಷಗಳಲ್ಲಿ ನಿಲ್ಲಿಸಿ, ಏಳರ ಹಿಂದೆಯೂ ಒಂದೇ ಸೂತ್ರವಿದೆಯೆಂದು ತೋರಿಸಲೆತ್ನಿಸಿತು. ಆ ಸೂತ್ರದ ಮೊದಲ ಎಳೆ ಅಜ್ಞೇಯವಾದ: ದೃಶ್ಯಜಗತ್ತಿನಿಂದಾಚೆಗೆ ಬುದ್ಧಿಯು ಏನನ್ನೂ ಅರಿಯಲಾರದೆಂಬ, ಕಾಂಟನಿಂದ ಬಂದ ನಿಲುವು. ಎರಡನೆಯ ಎಳೆ ಅಂತರ್ಯಾಮಿತ್ವವಾದ: ಬುದ್ಧಿಗೆ ಮುಚ್ಚಿದ ಬಾಗಿಲನ್ನು ಹೃದಯದಿಂದ ತೆರೆಯಹೊರಟು, ಧರ್ಮದ ಉಗಮವನ್ನು ಮನುಷ್ಯನ ಸುಪ್ತಚಿತ್ತದ ಅವಶ್ಯಕತೆಯೊಂದರಲ್ಲಿ ಕಾಣುವುದು. ಇವೆರಡನ್ನೂ ಒಪ್ಪಿದರೆ, ಶ್ರದ್ಧೆಯ ಕ್ರಿಸ್ತನೇ ಬೇರೆ ಇತಿಹಾಸದ ಯೇಸುವೇ ಬೇರೆ ಆಗುವನೆಂದೂ, ಸಿದ್ಧಾಂತಗಳು ಕೇವಲ ಸಂಕೇತಗಳಾಗುವುವೆಂದೂ, ಎಲ್ಲ ಮತಗಳೂ ಸಮಾನವಾಗಿ ಸತ್ಯವೋ ಸಮಾನವಾಗಿ ಮಿಥ್ಯೆಯೋ ಆಗಬೇಕಾಗುವುದೆಂದೂ ಪತ್ರವು ಹೆಜ್ಜೆಹೆಜ್ಜೆಯಾಗಿ ವಾದಿಸಿ, ಇದು ಸಮಸ್ತ ಪಾಷಂಡಮತಗಳ ಸಂಗಮವೆಂದು ತೀರ್ಮಾನಿಸಿತು.

ತರ್ಕದ ದೃಷ್ಟಿಯಿಂದ ಇದು ಪ್ರೌಢವಾದ ರಚನೆಯೇ ಸರಿ. ಖಂಡಿಸಿದ ವಿಚಾರಗಳು ಎತ್ತ ಹರಿಯಬಲ್ಲವೆಂಬುದನ್ನು ಅದು ಸ್ಪಷ್ಟವಾಗಿ ಕಂಡಿತ್ತು. ಯಾರು ಎಲ್ಲಿ ನಿಂತಿದ್ದಾರೆಂಬುದನ್ನು ಮಾತ್ರ ಕಾಣಲಿಲ್ಲ. ಲ್ವಾಸಿಯ ವಿಷಯದಲ್ಲಿ ರೋಮಿನ ಶಂಕೆ ಆಧಾರರಹಿತವಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ: ಧರ್ಮಸಭೆಯ ಸಾಂಪ್ರದಾಯಿಕ ಸಿದ್ಧಾಂತಗಳಲ್ಲಿ ತನಗೆ ಅಕ್ಷರಾರ್ಥದ ನಂಬಿಕೆ ಬಹುಹಿಂದೆಯೇ ಉಳಿದಿರಲಿಲ್ಲವೆಂಬುದನ್ನು ಅವನೇ ತನ್ನ ಆತ್ಮಚರಿತ್ರೆಯಲ್ಲಿ ಮರೆಮಾಚದೆ ಬರೆದಿದ್ದಾನೆ. ಆದರೆ ಅದೇ ಬಲೆಗೆ ಸಿಕ್ಕವರಲ್ಲಿ, ಅಜ್ಞೇಯವಾದದ ಗಾಳಿಯೂ ಸೋಕದ, ನಿತ್ಯ ಪರಮಪ್ರಸಾದದ ಮುಂದೆ ಗಂಟೆಗಟ್ಟಲೆ ಮೊಣಕಾಲೂರಿ ಪ್ರಾರ್ಥಿಸುವ ಬ್ಯಾರನ್ ಫ್ರೀಡ್ರಿಖ್ ಫಾನ್ ಹ್ಯೂಗೆಲನಂಥವರೂ ಇದ್ದರು. ದೇವರು ಮನುಷ್ಯಚಿತ್ತದ ಛಾಯೆಯಲ್ಲ, ಅದರ ಹೊರಗೆ ನಿಂತ ಪರಾತ್ಪರವಸ್ತುವೆಂದು ಟಿರಲ್ಲನಿಗೇ ಪತ್ರಗಳಲ್ಲಿ ಎಚ್ಚರಿಕೆ ಹೇಳುತ್ತಿದ್ದವನು ಈ ಬ್ಯಾರನ್. ಗೃಹಸ್ಥನಾದುದರಿಂದಲೂ ಎಚ್ಚರಿಕೆಯ ಸ್ವಭಾವದವನಾದುದರಿಂದಲೂ ಬಹಿಷ್ಕಾರವನ್ನು ತಪ್ಪಿಸಿಕೊಂಡನು.

ಮುಂದಿನ ಕ್ರಮಗಳು ಕಠಿಣವಾದುವು. ಪ್ರತಿಯೊಂದು ಧರ್ಮಪ್ರಾಂತದಲ್ಲಿಯೂ ಜಾಗರೂಕತಾ ಸಮಿತಿಗಳನ್ನು ನೇಮಿಸಬೇಕೆಂದು ವಿಧಿಸಲಾಯಿತು. 1908ರ ಮಾರ್ಚ್ 7ರಂದು ಲ್ವಾಸಿಯನ್ನು, ಭಕ್ತರು ಅವನೊಡನೆ ವ್ಯವಹರಿಸಲೂ ಕೂಡದೆಂಬ ಅತ್ಯುಗ್ರವಾದ ಬಹಿಷ್ಕಾರಕ್ಕೆ ಗುರಿಮಾಡಲಾಯಿತು; ಮರುವರ್ಷ ಕಾಲೇಜ್ ದ ಫ್ರಾನ್ಸ್ ಅವನಿಗೆ ಮತಗಳ ಇತಿಹಾಸದ ಪೀಠವನ್ನು ಕೊಟ್ಟಿತು. 1910ರ ಸೆಪ್ಟೆಂಬರ್ 1ರಂದು ಆಧುನಿಕತಾವಾದ ವಿರೋಧಿ ಪ್ರತಿಜ್ಞೆ ಜಾರಿಗೆ ಬಂದಿತು. ದೀಕ್ಷೆ ಪಡೆಯಲಿರುವವರು, ಪಾಪನಿವೇದನೆ ಕೇಳುವವರು, ಉಪದೇಶಕರು, ಸೆಮಿನರಿಯ ಅಧ್ಯಾಪಕರು—ಎಲ್ಲರೂ, ದೇವರ ಅಸ್ತಿತ್ವವನ್ನು ಬುದ್ಧಿಯಿಂದ ಸಾಧಿಸಬಹುದೆಂದೂ, ಧರ್ಮಸಭೆಯನ್ನು ಐತಿಹಾಸಿಕ ಕ್ರಿಸ್ತನೇ ನೇರವಾಗಿ ಸ್ಥಾಪಿಸಿದನೆಂದೂ, ಸಿದ್ಧಾಂತಗಳು ಒಂದರ್ಥದಿಂದ ಇನ್ನೊಂದರ್ಥಕ್ಕೆ ಪರಿಣಮಿಸುವುದಿಲ್ಲವೆಂದೂ ಆಣೆಯಿಟ್ಟು ಹೇಳಬೇಕಾಗಿತ್ತು. ಜಗತ್ತಿನ ಎಲ್ಲ ಸೆಮಿನರಿಗಳಿಗೂ ಅನ್ವಯಿಸಿದ ವಿಧಿಯಾದುದರಿಂದ, 1879ರಲ್ಲಿ ಆರಂಭವಾಗಿದ್ದ ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯಿಂದ ಹೊರಟ ಪಾದ್ರಿಗಳಿಗೂ, ಲ್ವಾಸಿಯ ಒಂದು ಪುಟವನ್ನೂ ಕಂಡಿರದವರಿಗೆ ಕೂಡ, ಇದು ಕಡ್ಡಾಯವಾಗಿತ್ತು. ರೋಮಿನಲ್ಲಿ ಉಂಬೆರ್ತೊ ಬೆನಿಞಿ ಎಂಬ ಧರ್ಮಾಧಿಕಾರಿಯು 1909ರಲ್ಲಿ ಗುಪ್ತಸಂಘವೊಂದನ್ನು ಕಟ್ಟಿ, ಸಂಕೇತನಾಮಗಳಲ್ಲಿ ಪತ್ರ ಬರೆಯಿಸಿಕೊಂಡು, ಬಿಷಪ್ಪರ ಮತ್ತು ಪಂಡಿತರ ಮೇಲೆ ದೂರುಗಳನ್ನು ಸಂಗ್ರಹಿಸುತ್ತಿದ್ದನು. 1914ರಲ್ಲಿ ಪೀಠವೇರಿದ ಹದಿನೈದನೆಯ ಬೆನೆಡಿಕ್ಟ್ ಕಥೋಲಿಕರು ಒಬ್ಬರನ್ನೊಬ್ಬರು ಶಂಕಿಸುವುದನ್ನು ಬಿಡಬೇಕೆಂದು ತನ್ನ ಮೊದಲ ವಿಶ್ವಪತ್ರದಲ್ಲಿಯೇ ಬುದ್ಧಿಹೇಳಬೇಕಾಯಿತು; ಗುಪ್ತಸಂಘವು 1921ರಲ್ಲಿ ವಿಸರ್ಜಿತವಾಯಿತು.

ಟಿರಲ್ ಇದಾವುದರ ಕೊನೆಯನ್ನೂ ನೋಡಲಿಲ್ಲ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ವಿಶ್ವಪತ್ರವನ್ನು ಬಹಿರಂಗವಾಗಿ ಟೀಕಿಸಿದುದಕ್ಕಾಗಿ ಸಂಸ್ಕಾರಗಳಿಂದ ವಂಚಿತನಾಗಿದ್ದ ಅವನು 1909ರ ಜುಲೈ 15ರಂದು ಸಸೆಕ್ಸಿನ ಸ್ಟಾರಿಂಗ್ಟನ್ ಗ್ರಾಮದಲ್ಲಿ ತೀರಿಕೊಂಡನು. ತನ್ನ ಮಾತುಗಳನ್ನು ಹಿಂತೆಗೆದುಕೊಂಡನೆಂಬ ಅಪವಾದ ಬರಬಾರದೆಂದು ಅವನ ಗೆಳತಿ ಮಾಡ್ ಪೆಟ್ರಿ ಪತ್ರಿಕೆಗಳಿಗೆ ಬರೆದಳು. ಅದರ ಫಲವಾಗಿ ಕಥೋಲಿಕ ಅಂತ್ಯವಿಧಿ ನಿರಾಕರಿಸಲ್ಪಟ್ಟಿತು. ಊರಿನ ಆಂಗ್ಲಿಕನ್ ಚರ್ಚಿನ ಮಣ್ಣಿನಲ್ಲಿ ಅವನನ್ನು ಹೂಳುವಾಗ ಫ್ರೆಂಚ್ ಪಾದ್ರಿ ಆನ್ರಿ ಬ್ರೆಮೊಂ ದೀಕ್ಷಾವಸ್ತ್ರವಿಲ್ಲದೆ ನಿಂತು ಪ್ರಾರ್ಥನೆಗಳನ್ನು ಹೇಳಿ, ಗೋರಿಯ ಮೇಲೆ ಶಿಲುಬೆಯ ಗುರುತು ಮಾಡಿದನು. ಅಷ್ಟಕ್ಕೇ ಅವನ ಗುರುತ್ವದ ಅಧಿಕಾರವು ಕೆಲಕಾಲ ಅಮಾನತ್ತಾಯಿತು. ಟಿರಲ್ಲನ ಇಚ್ಛೆಯಂತೆ ಅವನ ಗೋರಿಕಲ್ಲು ಅವನನ್ನು ಕಥೋಲಿಕ ಗುರುವೆಂದೇ ಹೇಳುತ್ತದೆ.

ಬಿಟ್ಟುಹೋದವರಿಗಿಂತ ಒಳಗುಳಿದವರ ಕಥೆ ಕಡಿಮೆ ಪ್ರಸಿದ್ಧ, ಆದರೆ ಹೆಚ್ಚು ಫಲಪ್ರದ. 1890ರಲ್ಲಿ ಜೆರೂಸಲೇಮಿನಲ್ಲಿ ಪವಿತ್ರಗ್ರಂಥಾಧ್ಯಯನದ ಶಾಲೆಯನ್ನು ಸ್ಥಾಪಿಸಿದ ಡೊಮಿನಿಕನ್ ಸಂನ್ಯಾಸಿ ಮರಿ-ಜೋಸೆಫ್ ಲಗ್ರಾಂಜ್, ವಿಮರ್ಶೆಯ ವಿಧಾನವನ್ನು ಉಳಿಸಿಕೊಂಡು ಲ್ವಾಸಿಯ ನಿರ್ಣಯಗಳನ್ನು ವಿರೋಧಿಸಿದನು. 1912ರಲ್ಲಿ ಅವನ ಕೃತಿಗಳನ್ನು ಸೆಮಿನರಿಗಳಿಂದ ದೂರವಿರಿಸುವಂತೆ ರೋಮಿನಿಂದ ಆದೇಶ ಬಂದಾಗ ಒಂದು ಮಾತೂ ಆಡದೆ ವಿಧೇಯನಾದನು. ಅವನು 1938ರಲ್ಲಿ ತೀರಿಕೊಂಡ ಐದು ವರ್ಷಗಳಿಗೆ, ಹನ್ನೆರಡನೆಯ ಪಯಸ್ ಹೊರಡಿಸಿದ ವಿಶ್ವಪತ್ರವು, ಪ್ರಾಚೀನ ಲೇಖಕರ ಸಾಹಿತ್ಯಪ್ರಕಾರಗಳನ್ನು ವಿವೇಚಿಸಿಯೇ ಪವಿತ್ರಗ್ರಂಥವನ್ನು ಅರ್ಥೈಸಬೇಕೆಂದು ಪಂಡಿತರಿಗೆ ಅನುಮತಿಯನ್ನಲ್ಲ, ಕರ್ತವ್ಯವನ್ನೇ ವಿಧಿಸಿತು.

ಪ್ರಾಟೆಸ್ಟಂಟ್ ಜಗತ್ತಿನಲ್ಲಿ ಇದೇ ಕಲಹವು ಪೋಪನಿಲ್ಲದೆ ನಡೆಯಿತು. ಅಮೆರಿಕದ ಪ್ರೆಸ್ಬಿಟೀರಿಯನ್ ಸಭೆಯು 1893ರಲ್ಲಿ ಚಾರ್ಲ್ಸ್ ಬ್ರಿಗ್ಸನನ್ನು ಪವಿತ್ರಗ್ರಂಥದ ನಿರ್ದೋಷತ್ವವನ್ನು ನಿರಾಕರಿಸಿದನೆಂದು ಅಮಾನತ್ತುಗೊಳಿಸಿತು. 1923ರಲ್ಲಿ ಪ್ರಿನ್ಸ್‌ಟನ್ನಿನ ಗ್ರೆಶಮ್ ಮೇಕನ್, ಉದಾರವಾದವು ಕ್ರೈಸ್ತಧರ್ಮದ ಒಂದು ಶಾಖೆಯೇ ಅಲ್ಲ, ಬೇರೆಯೇ ಆದ ಮತವೆಂದು ಗ್ರಂಥವನ್ನು ಬರೆದು, 1929ರಲ್ಲಿ ತನ್ನದೇ ಸೆಮಿನರಿಯನ್ನು ತೆರೆದನು. ಮೇಕನ್ನನ ವಾದಕ್ಕೂ ‘ಪಾಶೆಂದಿ’ಯ ವಾದಕ್ಕೂ ಇರುವ ಸಾಮ್ಯವು, ಪರಸ್ಪರ ಪಾಷಂಡರೆಂದು ಭಾವಿಸಿದ್ದ ಇಬ್ಬರ ನಡುವಣದೆಂಬುದರಿಂದ, ಅಧ್ಯಯನಯೋಗ್ಯವಾದದ್ದು.

ಕಥೋಲಿಕರಲ್ಲಿ, ಹನ್ನೆರಡನೆಯ ಪಯಸನ 1943ರ ಆ ವಿಶ್ವಪತ್ರ ತಂದ ಸಡಿಲಿಕೆಯಿಂದ ಶಂಕೆ ತೀರಲಿಲ್ಲ. ಆದಿಕಾಲದ ಧರ್ಮಸಭೆಯ ಪಿತೃಗಳ ಗ್ರಂಥಗಳತ್ತ ಮರಳಬೇಕೆಂದ ಫ್ರೆಂಚ್ ಪಂಡಿತರಲ್ಲಿ ಹಳೆಯ ಆಧುನಿಕತಾವಾದವೇ ತಲೆಯೆತ್ತುತ್ತಿದೆಯೆಂದು ಡೊಮಿನಿಕನ್ ಪಂಡಿತ ಗರಿಗೂ-ಲಗ್ರಾಂಜ್ 1946ರಲ್ಲಿ ಬರೆದನು. 1950ರ ವಿಶ್ವಪತ್ರವು ಆ ಎಚ್ಚರಿಕೆಗೆ ಮುದ್ರೆಯೊತ್ತಿತು. ಆನ್ರಿ ದ ಲ್ಯುಬಾಕ್, ಈವ್ ಕೊಂಗಾರ್ ಮೊದಲಾದವರು ಬೋಧನೆಯಿಂದ ದೂರವಿರಬೇಕಾಯಿತು. ಆದರೆ 1962ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸೇರಿದಾಗ ಈ ಇಬ್ಬರೂ ಅದರ ತಜ್ಞರಾಗಿದ್ದರು, ಮುಂದೆ ಇಬ್ಬರೂ ಕಾರ್ಡಿನಲ್ಲರಾದರು. 1965ರ ನವೆಂಬರಿನಲ್ಲಿ ಮಹಾಸಭೆ ಅಂಗೀಕರಿಸಿದ ದಿವ್ಯದರ್ಶನವನ್ನು ಕುರಿತ ಶಾಸನವು, ಪ್ರೇಷಿತರಿಂದ ಬಂದ ಪರಂಪರೆಯ ಅರಿವು ಧರ್ಮಸಭೆಯಲ್ಲಿ ಬೆಳೆಯುತ್ತ ಹೋಗುತ್ತದೆಂದು ಹೇಳಿತು. ಅಲ್ಲಿ ಕೇಳಿಸುವುದು ಲ್ವಾಸಿಯ ಧ್ವನಿಯಲ್ಲ, ನ್ಯೂಮನ್ನನದು. 1967ರಲ್ಲಿ 1910ರ ಪ್ರತಿಜ್ಞೆಯು ರದ್ದಾಯಿತು.

ಇದನ್ನು ಸೋಲೆಂದು ಬಗೆದವರೂ ಉಂಟು. ಮಹಾಸಭೆಯಲ್ಲಿಯೇ ಭಾಗವಹಿಸಿದ್ದ ಆರ್ಚ್‌ಬಿಷಪ್ ಮಾರ್ಸೆಲ್ ಲಫೇವ್ರ್, ಹತ್ತನೆಯ ಪಯಸ್ ಖಂಡಿಸಿದ ತಪ್ಪುಗಳೇ ಧಾರ್ಮಿಕ ಸ್ವಾತಂತ್ರ್ಯ, ಮತೈಕ್ಯ ಮತ್ತು ಹೊಸ ಪೂಜಾವಿಧಿಗಳ ಹೆಸರಿನಲ್ಲಿ ಪ್ರವೇಶಿಸಿದುವೆಂದು ಆರೋಪಿಸಿ, 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, ಅಷ್ಟರಲ್ಲಿ ಸಂತಪದವಿಗೇರಿದ್ದ ಆ ಪೋಪನ ಹೆಸರಿನಲ್ಲಿಯೇ ಗುರುಸಂಘವನ್ನು ಸ್ಥಾಪಿಸಿದನು. 1988ರಲ್ಲಿ ಅನುಮತಿಯಿಲ್ಲದೆ ನಾಲ್ವರನ್ನು ಬಿಷಪ್ಪರನ್ನಾಗಿ ಅಭಿಷೇಕಿಸಿ ಬಹಿಷ್ಕೃತನಾದನು. ಆ ನಾಲ್ವರ ಬಹಿಷ್ಕಾರವನ್ನು 2009ರಲ್ಲಿ ಹದಿನಾರನೆಯ ಬೆನೆಡಿಕ್ಟ್ ತೆಗೆದುಹಾಕಿದನಾದರೂ ಸಿದ್ಧಾಂತದ ಭಿನ್ನಾಭಿಪ್ರಾಯವು ಹಾಗೆಯೇ ಉಳಿಯಿತು.

ಭಾರತದಲ್ಲಿ ಈ ವಿವಾದವು ಗ್ರಂಥವಿಮರ್ಶೆಗಿಂತ ಹೆಚ್ಚಾಗಿ ಪೂಜಾಪದ್ಧತಿಯ ಮೂಲಕ ಪ್ರವೇಶಿಸಿತು. ಮಹಾಸಭೆಯ ನಂತರ ಲತೀನ್ ಭಾಷೆಯ ಸ್ಥಾನದಲ್ಲಿ ಕನ್ನಡ, ಕೊಂಕಣಿ, ತಮಿಳುಗಳ ಬಲಿಪೂಜೆ ಬಂದಿತು. ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ, ಕಥೋಲಿಕ ಧರ್ಮಸಭೆಯ ರಾಷ್ಟ್ರೀಯ ಕೇಂದ್ರವು ಭಾರತೀಯ ಆಚಾರಗಳನ್ನು ಪೂಜೆಯಲ್ಲಿ ಅಳವಡಿಸುವ ಪ್ರಯೋಗದಲ್ಲಿ ಮುಂದಾಯಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿಬದ್ಧವಾಗಿ ನಮಿಸುವುದು, ಎಣ್ಣೆದೀಪ, ಆರತಿ ಮುಂತಾದ ಹನ್ನೆರಡು ಅಂಶಗಳಿಗೆ ರೋಮ್ 1969ರಲ್ಲಿ ಸಮ್ಮತಿಯಿತ್ತಿತು. ಆರತಿಯು ಕೇವಲ ಗೌರವಸೂಚಕವೆಂದು ಒಂದು ಪಕ್ಷ, ಆಚಾರದೊಡನೆ ಅದರ ಹಿಂದಿನ ದೇವತಾಕಲ್ಪನೆಯೂ ಬರುವುದೆಂದು ಇನ್ನೊಂದು ಪಕ್ಷ. ಓಂಕಾರದ ಬಳಕೆಯ ವಿಷಯದಲ್ಲಂತೂ ಈ ಎರಡನೆಯ ಪಕ್ಷದ ವಿರೋಧವು ಉಗ್ರವೇ ಆಯಿತು. ವಿರೋಧಿಸಿದವರಲ್ಲಿ ಬಿಷಪ್ಪರಿಗಿಂತ ಸಾಮಾನ್ಯ ಭಕ್ತರೇ ಮುಂದಾಗಿದ್ದರು. ತಲೆಮಾರುಗಳ ಹಿಂದೆ ತಮ್ಮ ಪೂರ್ವಿಕರು ಬಿಟ್ಟುಬಂದ ಆಚಾರಗಳನ್ನು ಪಾದ್ರಿಗಳೇ ಮರಳಿ ತರುತ್ತಿದ್ದಾರೆಂಬುದು ಅವರ ದೂರಾಗಿತ್ತು.